ಐದನೆಯವನು ನೀರು ಕೇಳುತ್ತಿರಲಿಲ್ಲ: ಹಳೇ ರೇವಾದ ಬ್ಯಾಟರಿ ನಾಡಿ ಹಿಡಿದದ್ದು

ಕಡಲೆಕಾಯಿ ಪರಿಷೆಗೆ ಹೊರಟ ದಿನ ಮಾವನ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ಹನುಮಂತನಗರದ ಏರಿನಲ್ಲಿ ಏದುಸಿರು ಬಿಟ್ಟಿತು. ಪೂರ್ತಿ ನಿಲ್ಲಲಿಲ್ಲ. ಆದರೆ ಕಡಲೆಕಾಯಿ ಚೀಲ ಹಿಡಿದು ನಡೆಯುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಹಿಂದೆ ಹಾಕಿ ಹೋದರು. ಬುಲ್ ಟೆಂಪಲ್ ರೋಡ್ ಮುಚ್ಚಿದ್ದರಿಂದ ಸುತ್ತು ಹಾಕಿ ಬರುತ್ತಿದ್ದೆವು. ಬೆಳಿಗ್ಗೆ ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬಂದಿದ್ದೂ ಸೇರಿ ಒಟ್ಟು 22 ಕಿಲೋಮೀಟರ್ ಆಗಿತ್ತು, ಅಷ್ಟೇ. ಡ್ಯಾಶ್‌ಬೋರ್ಡಿನ ಚಾರ್ಜ್ ಮೀಟರ್ ಇನ್ನೂ ಅರ್ಧಕ್ಕಿಂತ ಮೇಲೆ ತೋರಿಸುತ್ತಿತ್ತು.

ಮಾವ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಚಳಿ ಅಲ್ವಾ ಅಳಿಯಂದ್ರೇ, ಅದಕ್ಕೇ" ಅಂದರು.

ಕಾರು 2006ರದ್ದು. ಬೊಮ್ಮಸಂದ್ರದಲ್ಲೇ ತಯಾರಾದದ್ದು. ಚೇತನ್ ಮೈನಿಯವರ ಕಂಪನಿ ರೇವಾವನ್ನು ಮಾರುಕಟ್ಟೆಗೆ ತಂದದ್ದು 2001ರಲ್ಲಿ. ಆಮೇಲೆ ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾಗೆ ಹೋಯಿತು. 2013ರಲ್ಲಿ ಬಂದ ಇ2ಒ ಅನ್ನೋ ಕಾರು ಲಿಥಿಯಂ ಬ್ಯಾಟರಿಯದ್ದು. ನಮ್ಮದು ಅದಕ್ಕಿಂತ ಹಿಂದಿನದು. ಸೀಟಿನ ಕೆಳಗೆ 6 ವೋಲ್ಟಿನ 8 ಲೆಡ್-ಆಸಿಡ್ ಬ್ಯಾಟರಿ ಸಾಲಾಗಿ ಕೂತಿವೆ, ಒಟ್ಟು 48 ವೋಲ್ಟ್. ಒಂದೊಂದರಲ್ಲೂ 3 ಸೆಲ್. ಅಂದರೆ ನೀರು ಹಾಕಲು 24 ಬಾಯಿ. ಮಾವ ಇವುಗಳ ಮೇಲೆ ಬಿಳಿ ಪೇಂಟಿನಲ್ಲಿ 1ರಿಂದ 8ರ ತನಕ ನಂಬರ್ ಬರೆದಿದ್ದಾರೆ. ಮಾತಾಡುವಾಗ "ಒಂದನೆಯವನು", "ಎರಡನೆಯವನು" ಅಂತಲೇ ಕರೆಯುತ್ತಾರೆ.

ಮೊದಲು ಬ್ಯಾಟರಿ ಅಂಗಡಿಗೆ ಹೋದೆವು. ಅಂಗಡಿಯವರು ಟೆಸ್ಟರ್ ಇಟ್ಟು, ಹತ್ತು ಸೆಕೆಂಡ್ ನೋಡಿ, "ಸೆಟ್ ಹೋಗಿದೆ ಸಾರ್. ಎಂಟೂ ಚೇಂಜ್ ಮಾಡ್ಬೇಕು" ಅಂದರು. ಲಕ್ಷದ ಮೇಲಿನ ಮಾತು. ಮೂರು ವರ್ಷ ದಾಟಿದ ಸೆಟ್ ಆದ್ದರಿಂದ ಅವರು ಹೇಳಿದ್ದು ಪೂರ್ತಿ ಸುಳ್ಳೂ ಇರಲಾರದು. ಆದರೆ ಎಂಟೂ ಒಂದೇ ದಿನ ಹೇಗೆ ಹೋಗುತ್ತವೆ? ಎಂಟು ಜನ ಒಟ್ಟಿಗೆ ಹೊರೆ ಹೊತ್ತಾಗ ಮೊದಲು ಮಂಡಿಯೂರುವವನು ಒಬ್ಬ ಇರಲೇಬೇಕಲ್ವಾ? ಅವನು ಯಾರು ಅಂತ ತಿಳಿಯದೆ ಲಕ್ಷ ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಮಾವನ ಚಳಿ ವಾದವನ್ನು ಮೊದಲು ಲೆಕ್ಕ ಹಾಕಿ ನೋಡಿದೆ. ಲೆಡ್-ಆಸಿಡ್ ಬ್ಯಾಟರಿ ತಣ್ಣಗಾದಷ್ಟೂ ಕಡಿಮೆ ಕೊಡುತ್ತದೆ, ನಿಜ. ಸುಮಾರಾಗಿ ಒಂದು ಡಿಗ್ರಿ ಇಳಿದರೆ ನೂರಕ್ಕೆ ಒಂದರಷ್ಟು. ಬೆಂಗಳೂರಿನ ಚಳಿ ಅಂದರೆ ಬೆಳಗಿನ 16, 17 ಡಿಗ್ರಿ. ಹತ್ತು ಡಿಗ್ರಿಗೆ ಹತ್ತು ಪರ್ಸೆಂಟ್ ಹೋಗಲಿ. 45 ಕಿಲೋಮೀಟರ್ ಓಡುತ್ತಿದ್ದ ಕಾರು 40 ಓಡಬೇಕು, 22 ಅಲ್ಲ. ಚಳಿ ನಿರಪರಾಧಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಾರ್ಜ್ ಎಷ್ಟಿದೆ ಅನ್ನೋದು ಬೇರೆ, ಬ್ಯಾಟರಿ ಎಷ್ಟು ಗಟ್ಟಿಯಾಗಿದೆ ಅನ್ನೋದು ಬೇರೆ. ಕೋಡಿ ಹರಿಯುತ್ತಿದ್ದರೆ ಕೆರೆ ತುಂಬಿದೆ ಅಂತ ದಂಡೆಯ ಮೇಲೆ ನಿಂತೇ ಹೇಳಬಹುದು. ಹೂಳು ಎಷ್ಟಿದೆ ಅಂತ ಹೇಳಬೇಕಾದರೆ ಇಳಿದು ನೋಡಬೇಕು. ಕಾರಿನ ಮೀಟರ್ ತೋರಿಸುವುದು ಕೋಡಿಯನ್ನು. ನನಗೆ ಬೇಕಿದ್ದದ್ದು ಹೂಳಿನ ಲೆಕ್ಕ, ಅದೂ ಎಂಟು ಕೆರೆಗೂ ಬೇರೆ ಬೇರೆ.

ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಮರುದಿನ ಹನ್ನೆರಡು ಗಂಟೆ ಮುಟ್ಟದೆ ಬಿಟ್ಟು, ಮಲ್ಟಿಮೀಟರ್ ಹಿಡಿದೆ. ಚಾರ್ಜ್ ತೆಗೆದ ಕೂಡಲೇ ಅಳೆದರೆ ವೋಲ್ಟೇಜ್ ಉಬ್ಬಿರುತ್ತದೆ, ಆ ನಂಬರಿಗೆ ಬೆಲೆ ಇಲ್ಲ. ಸುಸ್ಥಿತಿಯಲ್ಲಿರುವ 6 ವೋಲ್ಟಿನ ಬ್ಯಾಟರಿ ತುಂಬಿ ತಣಿದಾಗ 6.3ರಿಂದ 6.4 ಇರಬೇಕು. ಏಳು ಬ್ಯಾಟರಿಗಳು 6.32ರಿಂದ 6.36ರ ಒಳಗೆ ಇದ್ದವು. ಐದನೆಯದು 6.27. ಒಟ್ಟು ಐವತ್ತು ಚಿಲ್ಲರೆ. ಇದನ್ನು ನೋಡಿ ಯಾರೂ ಗಾಬರಿ ಬೀಳುವುದಿಲ್ಲ. ನಾನೂ ಬೀಳಲಿಲ್ಲ. ಸುಮ್ಮನೆ ಕೂತಿರುವಾಗ ಎಲ್ಲರೂ ಆರೋಗ್ಯವಂತರೇ. ಏರಿನಲ್ಲಿ, 150 ಆಂಪ್ ಎಳೆಯುವಾಗ ಯಾರ ಮುಖ ಬಾಡುತ್ತದೆ ಅಂತ ನೋಡಬೇಕಿತ್ತು. ಕಾರು ಓಡಿಸುತ್ತಾ ಎಂಟು ಕಡೆ ಮಲ್ಟಿಮೀಟರ್ ಇಡಲು ನನಗೇನು ಹದಿನಾರು ಕೈಯಿಲ್ಲ.

ಹಾಗಾಗಿ ಎಂಟನ್ನೂ ಒಟ್ಟಿಗೆ ಅಳೆದು ಬರೆದಿಡುವ ಪೆಟ್ಟಿಗೆಯೊಂದನ್ನು ನಾನೇ ಕಟ್ಟೋಣ ಅಂತ ಶನಿವಾರ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೊರಟೆ. ಮೆಜೆಸ್ಟಿಕ್ ತನಕ ಮೆಟ್ರೋ, ಅಲ್ಲಿಂದ ಆಟೋ. ಆ ಗಲ್ಲಿಗಳಿಗೆ ಕಾರು ತರುವುದು ಅಂದರೆ ಕಾರಿಗೂ ನಮಗೂ ಶಿಕ್ಷೆ. ಒಂದು ಇಎಸ್‌ಪಿ32 ಬೋರ್ಡ್, (ವೈಫೈ ಇರುವ ಪುಟ್ಟ ಕಂಪ್ಯೂಟರ್), ಮೂರು ಎಡಿಎಸ್1115 ಮಾಡ್ಯೂಲ್ (ವೋಲ್ಟೇಜ್ ಅಳೆದು ನಂಬರ್ ಕೊಡುವವು), ಒಂದು ಎಸ್‌ಡಿ ಕಾರ್ಡ್ ಮಾಡ್ಯೂಲ್, ಗಾಜಿನ ಫ್ಯೂಸ್ ಮತ್ತು ಹೋಲ್ಡರ್ ಒಂಬತ್ತು, ರೆಸಿಸ್ಟರ್‌ಗಳು, ಜೊತೆಗೆ 400 ಆಂಪ್ ತನಕ ಕರೆಂಟ್ ಅಳೆಯುವ ಒಂದು ಹಾಲ್ ಸೆನ್ಸರ್ ತಗೊಂಡೆ. ಈ ಸೆನ್ಸರ್ ಬಾಯಿ ತೆರೆಯುವ ಬಳೆಯಂತೆ ಇರುತ್ತದೆ. ದಪ್ಪ ಕೇಬಲನ್ನು ಕತ್ತರಿಸದೆ ಸುತ್ತ ತೊಡಿಸಬಹುದು. ಕೇಬಲ್ ಕತ್ತರಿಸಿ ನಡುವೆ ಕೂರಿಸುವ ಷಂಟ್ ಹಾಕಿದ್ದರೆ ಲೆಕ್ಕ ಇನ್ನೂ ನಿಖರವಾಗುತ್ತಿತ್ತು. ಆದರೆ ಮಾವನ ಕಾರಿನ ಮೇನ್ ಕೇಬಲಿಗೆ ಗರಗಸ ಇಡುವ ಧೈರ್ಯ ನನಗಿಲ್ಲ.

ಇಎಸ್‌ಪಿ32ರಲ್ಲೇ ವೋಲ್ಟೇಜ್ ಅಳೆಯುವ ಪಿನ್‌ಗಳಿವೆ, ಮತ್ತೆ ಎಡಿಎಸ್ ಯಾಕೆ ಅಂತ ಕೇಳಬಹುದು. ಆ ಪಿನ್‌ಗಳ ಲೆಕ್ಕ ನೇರ ಗೆರೆಯಲ್ಲಿ ಹೋಗುವುದಿಲ್ಲ, ತುದಿಗಳಲ್ಲಿ ಬಾಗುತ್ತದೆ. ನಾವು ಹುಡುಕುತ್ತಿರುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗ. ಎಡಿಎಸ್1115 16 ಬಿಟ್ಟಿನದ್ದು, ನಾಲ್ಕು ಚಾನೆಲ್. ವಿಳಾಸ ಬದಲಿಸಿದರೆ ಒಂದೇ ಜೋಡಿ ತಂತಿಯ ಮೇಲೆ ನಾಲ್ಕು ಮಾಡ್ಯೂಲ್ ತನಕ ಕೂರಿಸಬಹುದು. ಎರಡು ಮಾಡ್ಯೂಲ್ ಎಂಟು ಬ್ಯಾಟರಿಗೆ, ಮೂರನೆಯದು ಕರೆಂಟ್ ಸೆನ್ಸರಿಗೆ.

ಚಾರ್ಜ್ ಆಗುವಾಗ ಸಾಲಿನ ತುದಿಯಲ್ಲಿ 62 ವೋಲ್ಟ್ ತನಕ ಏರುತ್ತದೆ. ಎಡಿಎಸ್‌ಗೆ 4 ವೋಲ್ಟ್ ದಾಟಿಸುವಂತಿಲ್ಲ. ಅದಕ್ಕೆ ಪ್ರತಿ ತಂತಿಗೂ 150 ಕಿಲೋ ಓಮ್, 10 ಕಿಲೋ ಓಮ್ ರೆಸಿಸ್ಟರ್ ಜೋಡಿ. ಹದಿನಾರರಲ್ಲಿ ಒಂದು ಭಾಗ ಮಾತ್ರ ಒಳಗೆ ಹೋಗುತ್ತದೆ. 62 ವೋಲ್ಟ್ 3.9 ಆಗುತ್ತದೆ. ಈ ರೆಸಿಸ್ಟರ್‌ಗಳು ಇಡೀ ದಿನ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಲೆಕ್ಕ ಹಾಕಿದೆ: ಎಂಟೂ ತಂತಿಯ ಹೊರೆ ಬೀಳುವ ಒಂದನೇ ಬ್ಯಾಟರಿಯಿಂದ 1.35 ಮಿಲಿಆಂಪ್, ತಿಂಗಳಿಗೆ ಹೆಚ್ಚುಕಡಿಮೆ 1 ಆಂಪ್-ಅವರ್ (ಒಂದು ಆಂಪ್ ಒಂದು ಗಂಟೆ ಹರಿದಷ್ಟು). 200 ಆಂಪ್-ಅವರ್ ಬ್ಯಾಟರಿಗೆ ಇದು ಸೊಳ್ಳೆ ಕಡಿತ.

ವೈರಿಂಗಿಗೆ ಎರಡು ಸಂಜೆ ಹಿಡಿಯಿತು. 48 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಧೈರ್ಯ ಮಾಡಬೇಡಿ. ಇಲ್ಲಿ ಅಪಾಯ ಶಾಕ್ ಅಲ್ಲ, ಶಾರ್ಟ್. ಟರ್ಮಿನಲ್‌ಗಳ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಅದು ಅಲ್ಲೇ ವೆಲ್ಡ್ ಆಗಿ ಕೆಂಪಗಾಗುತ್ತದೆ. ಉಂಗುರ, ವಾಚು ತೆಗೆದಿಟ್ಟೆ. ಸ್ಪ್ಯಾನರಿನ ಹಿಡಿಗೆ ಪೂರ್ತಿ ಇನ್ಸುಲೇಷನ್ ಟೇಪ್ ಸುತ್ತಿದೆ. ಪ್ರತಿ ತಂತಿಯ ಫ್ಯೂಸನ್ನೂ ಟರ್ಮಿನಲ್ ಪಕ್ಕದಲ್ಲೇ ಹಾಕಿದೆ, ಬೋರ್ಡಿನ ಪಕ್ಕದಲ್ಲಿ ಅಲ್ಲ. ದಾರಿಯಲ್ಲಿ ತಂತಿ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಅದಕ್ಕಿಂತ ಮುಂಚೆ ಇರಬೇಕಲ್ವಾ?

ಬೋರ್ಡಿಗೆ ಕರೆಂಟ್ ಎಲ್ಲಿಂದ ಅನ್ನೋದು ನಾನು ಮೊದಲು ಯೋಚಿಸದೇ ಇದ್ದ ವಿಷಯ. ಕಾರಿನ 12 ವೋಲ್ಟ್ ಲೈನಿನಿಂದ ತಗೊಳ್ಳೋಣ ಅಂದುಕೊಂಡಿದ್ದೆ. ಆದರೆ 12 ವೋಲ್ಟಿನ ನೆಗೆಟಿವ್ ಬಾಡಿಗೆ ಸೇರಿರುತ್ತದೆ. ನನ್ನ ಬೋರ್ಡಿನ ನೆಗೆಟಿವ್ 48 ವೋಲ್ಟ್ ಸಾಲಿನ ಬುಡಕ್ಕೆ ಸೇರಿದೆ. ಎರಡನ್ನೂ ಕೂಡಿಸಿದರೆ ಬೇರೆ ಬೇರೆ ಇರಬೇಕಾದ ಎರಡು ಮನೆಗೆ ನಾನೇ ಬಾಗಿಲು ಕೊರೆದ ಹಾಗೆ. ಅದಕ್ಕೆ ಪವರ್ ಬ್ಯಾಂಕ್ ಹಾಕಿದೆ. ಅದಕ್ಕೆ ಯಾರ ಜೊತೆಯೂ ನಂಟಿಲ್ಲ. ಇದೇ ಕಾರಣಕ್ಕೆ ಕೋಡ್ ಹಾಕುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಟ್ಟೇ ಯುಎಸ್‌ಬಿ ಚುಚ್ಚುತ್ತೇನೆ.

ಕೋಡಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸೆಕೆಂಡಿಗೊಮ್ಮೆ ಒಂಬತ್ತು ನಂಬರ್ ಓದಿ, ಎಸ್‌ಡಿ ಕಾರ್ಡಿಗೆ ಬರೆದು, ತನ್ನದೇ ವೈಫೈ ಮೇಲೆ ಫೋನಿಗೆ ಎಂಟು ಕಂಬ ತೋರಿಸುತ್ತದೆ. ಮಾವನಿಗೆ ಆ ಕಂಬಗಳು ತುಂಬಾ ಹಿಡಿಸಿದವು.

ಆದರೆ ಮೊದಲ ದಿನ ಆ ಕಂಬಗಳು ಶುದ್ಧ ಸುಳ್ಳು ಹೇಳಿದವು. ನಿಂತ ಕಾರಿನಲ್ಲೇ ಎಂಟನೆಯದು 5.7 ಅಂತ, ಏಳನೆಯದು 6.9 ಅಂತ ತೋರಿಸಿತು. ಮಲ್ಟಿಮೀಟರ್ ಎರಡಕ್ಕೂ 6.3 ಅನ್ನುತ್ತಿತ್ತು. ಅರ್ಧ ಗಂಟೆ ಸಾಲ್ಡರಿಂಗ್ ಬೈದೆ. ತಪ್ಪು ಸಾಲ್ಡರಿಂಗಿನದ್ದಲ್ಲ, ನನ್ನ ಗಣಿತದ್ದು. ನಾನು ಅಳೆಯುವುದು ಬುಡದಿಂದ ಪ್ರತಿ ಮೆಟ್ಟಿಲ ತನಕದ ಎತ್ತರ: 6, 12, 18, ಹೀಗೆ 48ರ ತನಕ. ಒಂದು ಬ್ಯಾಟರಿಯ ವೋಲ್ಟೇಜ್ ಬೇಕಾದರೆ ಮೇಲಿನದರಿಂದ ಕೆಳಗಿನದನ್ನು ಕಳೆಯಬೇಕು. ಒಂದು ಪರ್ಸೆಂಟ್ ವ್ಯತ್ಯಾಸದ ರೆಸಿಸ್ಟರ್ ಅಂದರೆ 6 ವೋಲ್ಟಿನಲ್ಲಿ ಲೆಕ್ಕಕ್ಕಿಲ್ಲ. 48 ವೋಲ್ಟಿನಲ್ಲಿ ಅದೇ ಅರ್ಧ ವೋಲ್ಟ್! ಆ ಅರ್ಧ ವೋಲ್ಟೆಲ್ಲಾ ಬಂದು ಒಬ್ಬ ಬಡಪಾಯಿ ಬ್ಯಾಟರಿಯ ತಲೆ ಮೇಲೆ ಕೂರುತ್ತದೆ.

ಪರಿಹಾರ ಸುಲಭವಿತ್ತು. ಪ್ರತಿ ಮೆಟ್ಟಿಲನ್ನೂ ಮಲ್ಟಿಮೀಟರಿನಲ್ಲಿ ಅಳೆದು, ಬೋರ್ಡ್ ಹೇಳಿದ ನಂಬರಿಗೂ ಅದಕ್ಕೂ ಇರುವ ಅನುಪಾತವನ್ನು ಕೋಡಿನಲ್ಲಿ ಬರೆದೆ. ಒಂದಕ್ಕೆ 1.0083, ಇನ್ನೊಂದಕ್ಕೆ 0.9941, ಹೀಗೆ. ಈಗ ಎಲ್ಲವೂ 0.02 ವೋಲ್ಟಿನ ಒಳಗೆ ಸೇರಿಕೊಂಡವು.

ಓಡಿಸಿದಾಗ ಇನ್ನೊಂದು ತಮಾಷೆ. ಆಕ್ಸಿಲರೇಟರ್ ಒತ್ತಿದ ಕ್ಷಣ ಕಂಬಗಳು ಯಕ್ಷಗಾನದ ವೇಷದ ಹಾಗೆ ಕುಣಿಯುತ್ತಿದ್ದವು. ಎಡಿಎಸ್ ನಾಲ್ಕು ಚಾನೆಲನ್ನೂ ಒಟ್ಟಿಗೆ ಓದುವುದಿಲ್ಲ, ಒಂದಾದ ಮೇಲೆ ಒಂದು ಓದುತ್ತದೆ. ಮೂರನೇ ಮೆಟ್ಟಿಲು ಓದಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕರೆಂಟ್ 50 ಆಂಪ್ ಏರಿದ್ದರೆ, ಕಳೆದು ಬಂದ ಉತ್ತರಕ್ಕೆ ಅರ್ಥವೇ ಇಲ್ಲ. ಓದುವ ವೇಗ ಹೆಚ್ಚಿಸಿದೆ, ಆದರೂ ಪೂರ್ತಿ ಹೋಗಲಿಲ್ಲ. ಕೊನೆಗೆ, ಎರಡು ಸೆಕೆಂಡ್ ಕರೆಂಟ್ ಸ್ಥಿರವಾಗಿದ್ದ ಹೊತ್ತಿನ ಲೆಕ್ಕ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುವಂತೆ ಮಾಡಿದೆ. ಸಿಟಿ ಟ್ರಾಫಿಕ್ಕಿನಲ್ಲಿ ಅಂಥ ಹೊತ್ತು ಸಿಗುವುದೇ ಕಡಿಮೆ. ಏರು ರಸ್ತೆ ಅದಕ್ಕೇ ಬೇಕು. ಏರಿನಲ್ಲಿ ಕಾಲು ಒಂದೇ ಸಮ ಒತ್ತಿರುತ್ತದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ, ರಸ್ತೆ ಖಾಲಿ ಇರುವಾಗ, ಮತ್ತೆ ಹನುಮಂತನಗರ. ನಾನು ಓಡಿಸಿದೆ, ಮಾವ ಫೋನ್ ಹಿಡಿದು ಪಕ್ಕದಲ್ಲಿ ಕೂತರು. 150 ಆಂಪ್ ಹೋಗುತ್ತಿದ್ದಾಗ ಆರು ಬ್ಯಾಟರಿಗಳು 5.7ರಿಂದ 5.8ರ ನಡುವೆ ನಿಂತವು. ಮೂರನೆಯದು 5.5. ಐದನೆಯದು 4.9.

"ಐದನೆಯವನು ಕೂತ್ಬಿಟ್ಟ!" ಅಂದರು ಮಾವ.

ಒಟ್ಟು ಇನ್ನೂ 45ರ ಮೇಲೆ ಇತ್ತು. ಕಾರಿಗೆ ಕಾಣುವುದು ಈ ಒಟ್ಟು. ಏಳು ಜನ ಸೇರಿ ಒಬ್ಬನ ಗುಟ್ಟು ಮುಚ್ಚಿಡುತ್ತಿದ್ದರು. ನಾವು ಸುತ್ತುತ್ತಲೇ ಇದ್ದೆವು: ಬಸವನಗುಡಿ, ಸೌತ್ ಎಂಡ್, ಬನಶಂಕರಿ, ಮತ್ತೆ ವಾಪಸ್. 18 ಕಿಲೋಮೀಟರ್ ದಾಟಿದ ಮೇಲೆ ಅದೇ ಏರಿನಲ್ಲಿ ಐದನೆಯದು 3.8ಕ್ಕೆ ಇಳಿಯಿತು. ಈ ನಂಬರ್ ನೋಡಿದಾಗ ನನಗೆ ವಿಷಯ ಹೊಳೆಯಿತು. ಹೊರೆ ಹೊತ್ತ ಆರೋಗ್ಯವಂತ ಸೆಲ್ ಒಂದು 1.9 ವೋಲ್ಟ್ ಕೊಡುತ್ತದೆ. ಎರಡು ಸೆಲ್ ಅಂದರೆ 3.8. ಮೂರನೆಯ ಸೆಲ್ ಸೊನ್ನೆ. ಇದಕ್ಕಿಂತ ಮುಂದೆ ಓಡಿಸಿದರೆ ಆ ಸೆಲ್ ಉಲ್ಟಾ ತಿರುಗಿ ಉಳಿದವರ ಕರೆಂಟನ್ನೇ ತಿನ್ನಲು ಶುರು ಮಾಡುತ್ತದೆ. ಪರಿಷೆ ದಿನ ಆಗಿದ್ದೂ ಅದೇ. ಕಾಲು ತೆಗೆದು ನಿಧಾನಕ್ಕೆ ಮನೆಗೆ ಬಂದೆವು.

ಈಗ ಹೈಡ್ರೋಮೀಟರ್, ಅಂದರೆ ಆಸಿಡ್ ದ್ರಾವಣ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ತೋರಿಸುವ ಕೊಳವೆ. ಬ್ಯಾಟರಿಯವರ ಬಾಯಲ್ಲಿ ಇದು "ಗ್ರಾವಿಟಿ ನೋಡೋದು". ಲೆಡ್-ಆಸಿಡ್ ಕಾರಿನವರಿಗೆ ಇದೊಂದು ಭಾಗ್ಯ. ಲಿಥಿಯಂ ಕಾರಿನವರು ಕಂಪ್ಯೂಟರ್ ಹೇಳಿದ ಪರ್ಸೆಂಟ್ ನಂಬಿ ಕೂರಬೇಕು. ನಾವು ಮುಚ್ಚಳ ತೆಗೆದು ಒಳಗೇ ಇಣುಕಬಹುದು. ಬ್ಯಾಟರಿ ಖಾಲಿಯಾದಂತೆ ಆಸಿಡ್ ಪ್ಲೇಟಿಗೆ ಸೇರಿ ದ್ರಾವಣ ತೆಳುವಾಗುತ್ತದೆ, ಚಾರ್ಜ್ ಆದಂತೆ ಮತ್ತೆ ಗಟ್ಟಿಯಾಗುತ್ತದೆ. ತುಂಬಿದ ಸೆಲ್ 1.265ರಿಂದ 1.280 ತೋರಿಸಬೇಕು. ಇದು 27 ಡಿಗ್ರಿಯ ಲೆಕ್ಕ. ಐದಾರು ಡಿಗ್ರಿ ಬಿಸಿ ಇದ್ದರೆ 0.004 ಕೂಡಿಸಬೇಕು, ತಣ್ಣಗಿದ್ದರೆ ಕಳೆಯಬೇಕು. ಮತ್ತೆ, ನೀರು ಹಾಕಿದ ತಕ್ಷಣ ಗ್ರಾವಿಟಿ ನೋಡಬಾರದು. ಹೊಸ ನೀರು ಮೇಲೇ ತೇಲುತ್ತಿರುತ್ತದೆ. ಒಂದು ಚಾರ್ಜ್ ಆಗಿ ಗುಳ್ಳೆ ಎದ್ದು ಕಲಸಿದ ಮೇಲೆ ನೋಡಬೇಕು.

24 ಸೆಲ್‌ಗೆ ಒಂದೂವರೆ ಗಂಟೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಸೋಡಾ ಪುಡಿ ಕಲಸಿದ ಬಕೆಟ್ ನೀರು. ಇಷ್ಟೆಲ್ಲಾ ಆದರೂ ಮಾವನ ಪಂಚೆಗೆ ಯಾವಾಗಲೋ ಹನಿ ಸಿಡಿದಿತ್ತು. ಆವತ್ತು ಏನೂ ಕಾಣಲಿಲ್ಲ. ಅತ್ತೆ ಒಗೆದು ಹರವುವಾಗ ಸಾಸಿವೆ ಕಾಳಿನಷ್ಟು ದೊಡ್ಡ ಏಳು ತೂತು ಎಣಿಸಿದರು. ನನ್ನ ಹೆಸರೂ ಆ ಎಣಿಕೆಯಲ್ಲಿ ಸೇರಿತು.

ಮೂರನೆಯದರ ಮೂರೂ ಸೆಲ್ 1.265, 1.270, 1.265. ಅಂದರೆ ಒಳಗಡೆ ಏನೂ ಕೊರತೆಯಿಲ್ಲ. ಹಾಗಿದ್ದರೆ ಹೊರೆ ಬಿದ್ದಾಗ ಕಾಲು ವೋಲ್ಟ್ ಎಲ್ಲಿ ಹೋಗುತ್ತಿದೆ? ನನ್ನ ತಂತಿ ಇದ್ದದ್ದು ಮೂರರಿಂದ ನಾಲ್ಕಕ್ಕೆ ಹೋಗುವ ಲಿಂಕಿನ ಆ ತುದಿಯಲ್ಲಿ, ನಾಲ್ಕರ ನೆಗೆಟಿವ್ ಮೇಲೆ. ಲಿಂಕಿನಲ್ಲಿ ಕಳೆದುಹೋದದ್ದೂ ಮೂರನೆಯವನ ಖಾತೆಗೆ ಬಿದ್ದಿತ್ತು. ಒಂದು ಸುತ್ತು ಓಡಿಸಿ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಉಳಿದ ಲಗ್‌ಗಳು (ಕೇಬಲ್ ತುದಿಯ ಲೋಹದ ಕಿವಿಗಳು) 34 ಡಿಗ್ರಿ ಆಸುಪಾಸು, ಮೂರರ ಪಾಸಿಟಿವ್ ಲಗ್ 58. 150 ಆಂಪಿಗೆ ಕಾಲು ವೋಲ್ಟ್ ಅಂದರೆ 37 ವ್ಯಾಟ್. ಸೀಟಿನ ಕೆಳಗೆ ಒಂದು ಪುಟ್ಟ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಓಡಾಡುತ್ತಿದ್ದೆವು.

ಲಗ್ ಬಿಚ್ಚಿದರೆ ಒಳಗೆ ಬಿಳಿ-ಹಸಿರು ಹಿಟ್ಟು. ಸೋಡಾ ನೀರು ಹಾಕಿದೆ, ಬುಸ್ ಅಂತ ನೊರೆ ಬಂತು. ವೈರ್ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಕೆಲವರು ಮೊದಲೇ ವ್ಯಾಸಲೀನ್ ಬಳಿದು ಆಮೇಲೆ ಲಗ್ ಕೂರಿಸುತ್ತಾರೆ. ನನಗದು ಸರಿಯೆನಿಸುವುದಿಲ್ಲ. ಲೋಹ ಲೋಹಕ್ಕೆ ತಾಗಬೇಕು, ಜಿಡ್ಡು ಹೊರಗಿನ ಹೊದಿಕೆ ಮಾತ್ರ. ಮುಂದಿನ ಓಟದಲ್ಲಿ ಮೂರನೆಯವನು 5.73. ಅಂಗಡಿಯವರ ಲೆಕ್ಕದಲ್ಲಿ ಇವನೂ "ಹೋದವನು".

ಐದನೆಯದರ ಕಥೆ ಬೇರೆ. ಅದರ ಸೆಲ್‌ಗಳು 1.265, 1.260, 1.210. ಮೂರನೇ ಸೆಲ್ಲಿಂದ ಹೀರಿದ ಆಸಿಡ್ ಸ್ವಲ್ಪ ಕಂದು ಬಣ್ಣಕ್ಕಿತ್ತು, ಬಗ್ಗಡದ ಹಾಗೆ. ಆಸೆ ಬಿಡಲಿಲ್ಲ. ಲಿಂಕ್ ತೆಗೆದು ಅದೊಂದನ್ನೇ ಬೇಕಾದ ವೋಲ್ಟೇಜ್ ಕೊಡಬಲ್ಲ ಬೆಂಚ್ ಸಪ್ಲೈಗೆ ಹಾಕಿ, 7.75 ವೋಲ್ಟಿನಲ್ಲಿ ಒಂದು ರಾತ್ರಿ ಇಟ್ಟೆ. ಸೆಲ್‌ಗೆ 2.58ರಂತೆ, ಗುಳ್ಳೆ ಚೆನ್ನಾಗಿ ಏಳುವಷ್ಟು. ಕಾರ್ ಶೆಡ್ಡಿನ ಬಾಗಿಲು ಪೂರ್ತಿ ತೆಗೆದಿಟ್ಟಿದ್ದೆ. ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್, ಒಂದು ಕಿಡಿ ಸಾಕು. ಬೆಳಿಗ್ಗೆ 1.210 ಇದ್ದದ್ದು 1.225ಕ್ಕೆ ಏರಿತು. ಮಾವನಿಗೆ ಖುಷಿ. ಏನೂ ಮಾಡದೆ ಎರಡು ದಿನ ಬಿಟ್ಟು ನೋಡಿದರೆ 1.205. ಪಕ್ಕದ ಎರಡು ಸೆಲ್ ಕದಲಿರಲಿಲ್ಲ.

ಇದು ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಕಟ್ಟಿದ ಲಕ್ಷಣವಲ್ಲ. ಸಲ್ಫೇಟ್ ಆಗಿದ್ದರೆ ಮತ್ತೆ ಮತ್ತೆ ಚಾರ್ಜ್ ಮಾಡಿದಂತೆ ಸ್ವಲ್ಪವಾದರೂ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ತಾನಾಗೇ ಎರಡೇ ದಿನದಲ್ಲಿ ಇಳಿಯಿತು ಅಂದರೆ ಒಳಗೇ ಸೋರುತ್ತಿದೆ. ಪ್ಲೇಟಿನಿಂದ ಉದುರಿದ ಪುಡಿ ಕೆಳಗೆ ಹೂಳಿನಂತೆ ಕೂತು, ಪಾಸಿಟಿವ್‌ಗೂ ನೆಗೆಟಿವ್‌ಗೂ ಸಣ್ಣ ಸೇತುವೆ ಕಟ್ಟಿಬಿಟ್ಟಿದೆ. ಕೆರೆಯ ಹೋಲಿಕೆ ಕೊಟ್ಟಾಗ ಹೂಳು ಇಷ್ಟು ನಿಜವಾಗಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಆವತ್ತು ರಾತ್ರಿ ಮಾವ ತಮ್ಮ ಡೈರಿ ತಂದರು. ಕಾರು ಬಂದ ದಿನದಿಂದ ಬ್ಯಾಟರಿಗೆ ಯಾವಾಗ ನೀರು ಹಾಕಿದರು, ಯಾವ ಬಾಯಿಗೆ ಎಷ್ಟು ಅಂತ ಬರೆದಿಟ್ಟಿದ್ದಾರೆ. ಅವರು ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅಭ್ಯಾಸ ಬಿಟ್ಟಿಲ್ಲ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಮುಟ್ಟಿಸುವುದೂ ಇಲ್ಲ. ಪಕ್ಕದ ಮನೆಯವರು ಎಸಿಯಿಂದ ತೊಟ್ಟಿಕ್ಕುವ ನೀರು ಹಾಕಿ, ಫಿಲ್ಟರ್ ನೀರು ಹಾಕಿ ಅಂತ ಸಲಹೆ ಕೊಡುತ್ತಲೇ ಇರುತ್ತಾರೆ. ಎಸಿ ನೀರಿನಲ್ಲಿ ಕಾಯಿಲಿನ ಧೂಳು, ಲೋಹ ಎರಡೂ ಇರುತ್ತವೆ. ಫಿಲ್ಟರ್ ನೀರಿನಲ್ಲಿ ಉಪ್ಪು ಪೂರ್ತಿ ಹೋಗಿರುವುದಿಲ್ಲ.

ಡೈರಿ ತಿರುವುತ್ತಾ ಹೋದೆ. ಪ್ರತಿ ತಿಂಗಳೂ ಒಂದೊಂದು ಬಾಯಿಗೆ 40 ಮಿಲಿ, 50 ಮಿಲಿ. ಕಳೆದ ಆಷಾಢದಿಂದ ಐದನೆಯದರ ಮೂರನೇ ಬಾಯಿಗೆ 30. ಆಮೇಲೆ 20. ದೀಪಾವಳಿಯ ಹೊತ್ತಿಗೆ ಒಂದು ಸಣ್ಣ ಗೆರೆ, ಅಂದರೆ ಸೊನ್ನೆ. ಪಕ್ಕದಲ್ಲಿ ಮಾವನ ಕೈಬರಹ: "ಇವನು ಒಳ್ಳೆಯವನು. ನೀರು ಕೇಳುವುದಿಲ್ಲ."

ಇಬ್ಬರೂ ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದೆವು. ಬ್ಯಾಟರಿಯಲ್ಲಿ ನೀರು ಕಡಿಮೆಯಾಗುವುದು ಮುಖ್ಯವಾಗಿ ಚಾರ್ಜಿನ ಕೊನೆಯಲ್ಲಿ. ಸೆಲ್ ತುಂಬಿ, ವೋಲ್ಟೇಜ್ ಏರಿ, ನೀರು ಒಡೆದು ಗುಳ್ಳೆಯಾಗಿ ಹೋಗುತ್ತದೆ. ಒಳಗೇ ಸೋರುವ ಸೆಲ್ ಎಂದೂ ತುಂಬುವುದೇ ಇಲ್ಲ. ತುಂಬದಿದ್ದರೆ ಗುಳ್ಳೆ ಇಲ್ಲ. ಗುಳ್ಳೆ ಇಲ್ಲದಿದ್ದರೆ ನೀರೂ ಬೇಡ. ನನ್ನ ಪೆಟ್ಟಿಗೆ ಎರಡು ವಾರ, ಮೂರು ಸಾವಿರ ರೂಪಾಯಿ ತಗೊಂಡು ಹೇಳಿದ್ದನ್ನು ಡೈರಿ ಐದಾರು ತಿಂಗಳ ಮೊದಲೇ ಬರೆದಿಟ್ಟಿತ್ತು. ಓದುವವರಿಗೆ ಅದರ ಭಾಷೆ ಗೊತ್ತಿರಲಿಲ್ಲ, ಅಷ್ಟೇ.

"ಒಳ್ಳೆಯವನು ಅಂತ ಬರ್ದಿದ್ನಲ್ರೀ" ಅಂತ ಮಾವ ಎರಡು ಸಲ ಹೇಳಿದರು.

ಬದಲಿ ಬ್ಯಾಟರಿ ಹುಡುಕುವುದು ಬೇರೆಯೇ ಕೆಲಸವಾಯಿತು. ಸಾಲಿನಲ್ಲಿ ಏಳು ಹಳಬರ ನಡುವೆ ಒಬ್ಬ ಹೊಸಬನನ್ನು ಕೂರಿಸುವುದು ನನಗೆ ಇಷ್ಟವಿರಲಿಲ್ಲ. ಚಾರ್ಜ್ ಆಗುವ ಹೊತ್ತು ಎಲ್ಲರಿಗೂ ಒಂದೇ, ಆದರೆ ಹಸಿವು ಬೇರೆ ಬೇರೆ. ಹೆಚ್ಚುಕಡಿಮೆ ಇದೇ ವಯಸ್ಸಿನವನು ಬೇಕಿತ್ತು. 6 ವೋಲ್ಟಿನ ಈ ಥರದ ಬ್ಯಾಟರಿಗಳು ಗಾಲ್ಫ್ ಬಗ್ಗಿಗಳಲ್ಲಿ, ನೆಲ ತೊಳೆಯುವ ದೊಡ್ಡ ಯಂತ್ರಗಳಲ್ಲಿ ಇರುತ್ತವೆ. ಜೆ.ಸಿ. ರೋಡಿನಿಂದ ಶುರು ಮಾಡಿ, ಅಲ್ಲಿಂದ ಅವರಿವರು ಕೊಟ್ಟ ನಂಬರ್ ಹಿಡಿದು ನಾಲ್ಕು ಕಡೆ ಅಲೆದೆ. ಕೊನೆಗೆ ಬಗ್ಗಿಯಿಂದ ತೆಗೆದ ಬ್ಯಾಟರಿಗಳನ್ನು ಇಟ್ಟುಕೊಂಡಿದ್ದ ಒಬ್ಬರು ಸಿಕ್ಕರು.

ಹೈಡ್ರೋಮೀಟರ್ ಜೇಬಿನಿಂದ ತೆಗೆದಾಗ ಅವರ ಮುಖ ಸ್ವಲ್ಪ ಸಣ್ಣದಾಯಿತು. ಆರು ಬ್ಯಾಟರಿ ನೋಡಿದೆ. ಎರಡರಲ್ಲಿ ಮೂರೂ ಸೆಲ್ ಸಮ ಇದ್ದವು. ಗ್ರಾವಿಟಿ 1.250 ಆದರೂ ಪರವಾಗಿಲ್ಲ, ಮೂರೂ ಒಂದೇ ಥರ ಇರಬೇಕು. ಜೊತೆಗೆ ಒಯ್ದಿದ್ದ ನಾಲ್ಕು ಹೆಡ್‌ಲೈಟ್ ಹ್ಯಾಲೋಜನ್ ಬಲ್ಬುಗಳನ್ನು ಸಿಕ್ಕಿಸಿ ಹದಿನೈದು ನಿಮಿಷ ಉರಿಸಿದೆ. ಅದೇನೂ ದೊಡ್ಡ ಹೊರೆಯಲ್ಲ, ಆದರೂ ತೀರಾ ಸತ್ತವನಾಗಿದ್ದರೆ ಅಷ್ಟಕ್ಕೇ ಬಿದ್ದುಹೋಗುತ್ತಾನೆ. ಒಬ್ಬನನ್ನು 3,500 ರೂಪಾಯಿಗೆ ಮನೆಗೆ ಕರೆತಂದೆ. ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಉಳಿದವರ ಸಮಕ್ಕೆ ತಂದು, ಆಮೇಲೆ ಸಾಲಿಗೆ ಸೇರಿಸಿದೆ. ಮಾವ ಹೊಸ ಪೇಂಟಿನಲ್ಲಿ 5 ಅಂತ ಬರೆದರು. ಹಳೆಯವನನ್ನು ಗುಜರಿಗೆ ಹಾಕಲಿಲ್ಲ, ಬ್ಯಾಟರಿ ಅಂಗಡಿಗೇ ಕೊಟ್ಟೆವು. ಸೀಸವನ್ನು ಸರಿಯಾಗಿ ಕರಗಿಸುವವರ ಕೈಗೇ ಹೋಗಬೇಕು.

ಲಗ್ ತೊಳೆದು ಐದನೆಯವನನ್ನು ಬದಲಿಸಿದ ಮೇಲೆ ಮೊದಲ ಪೂರ್ತಿ ಓಟ 41 ಕಿಲೋಮೀಟರ್. ಅದರಲ್ಲಿ ಬ್ಯಾಟರಿಯಿಂದ ಹೊರಗೆ ಬಂದದ್ದು 98 ಆಂಪ್-ಅವರ್. ಬದಲಿಸುವ ಮೊದಲು, ಪೆಟ್ಟಿಗೆ ಇಟ್ಟು ಓಡಿಸಿದಾಗ, 22 ಕಿಲೋಮೀಟರಿಗೆ 53 ಬಂದಿತ್ತು. ಎರಡರಲ್ಲೂ ಕಿಲೋಮೀಟರಿಗೆ 2.4 ಆಂಪ್-ಅವರ್, ಅಂದರೆ ಕಾರು ಮೊದಲೂ ಜಾಸ್ತಿ ತಿನ್ನುತ್ತಿರಲಿಲ್ಲ, ಬ್ಯಾಟರಿಯೇ ಕೊಡುತ್ತಿರಲಿಲ್ಲ. 200 ಅಂತ ಬರೆದ ಬ್ಯಾಟರಿಯಿಂದ 98 ಮಾತ್ರವೇ ಅಂತ ಬೇಜಾರು ಬೇಡ. ಆ 200 ಗಂಟೆಗಟ್ಟಲೆ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಒಂದು ಗಂಟೆಯಲ್ಲಿ ಎಳೆದರೆ ಹೊಸ ಬ್ಯಾಟರಿಯೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ ಅಷ್ಟೇ. ನಾವೂ ತಳ ಕಾಣುವ ತನಕ ಓಡಿಸುವುದಿಲ್ಲ. ಅದಕ್ಕೆ ನಾನು ಡಬ್ಬದ ಮೇಲಿನ ನಂಬರಿನ ಜೊತೆ ಹೋಲಿಸುವುದು ಬಿಟ್ಟಿದ್ದೇನೆ. ಈ ತಿಂಗಳ 98ರ ಜೊತೆ ಮುಂದಿನ ತಿಂಗಳದ್ದನ್ನು ಹೋಲಿಸಿದರೆ ಸಾಕು.

ಆಂಪ್-ಅವರ್ ಲೆಕ್ಕ ಮಾಡುವವರಿಗೆ ಒಂದು ಎಚ್ಚರಿಕೆ. ಹಾಲ್ ಸೆನ್ಸರ್ ಬಿಸಿಲಿಗೆ ತನ್ನ ಸೊನ್ನೆಯನ್ನೇ ಮರೆಯುತ್ತದೆ. ಕಾರು ಆಫ್ ಆಗಿದ್ದರೂ ನನ್ನದು 1.2 ಆಂಪ್ ಹೋಗುತ್ತಿದೆ ಅನ್ನುತ್ತಿತ್ತು. ಹತ್ತು ಗಂಟೆ ನಿಲ್ಲಿಸಿದರೆ 12 ಆಂಪ್-ಅವರ್ ದೆವ್ವದ ಪಾಲು. ಈಗ ಪ್ರತಿ ಸಲ ಹೊರಡುವ ಮೊದಲು, ಕೀ ತಿರುಗಿಸುವ ಮುಂಚೆ, ಸೊನ್ನೆ ಹಿಡಿಸುವ ಬಟನ್ ಒತ್ತುತ್ತೇನೆ.

ಮೂರು ವಾರದಿಂದ ಪೆಟ್ಟಿಗೆ ಸೀಟಿನ ಹಿಂದೆ ಕೂತಿದೆ. ಹನುಮಂತನಗರದ ಏರು ನಮ್ಮ ಭಾನುವಾರದ ದೇವಸ್ಥಾನವಾಗಿದೆ. ಅದೇ ಏರು, ಅದೇ 150 ಆಂಪ್, ಎಂಟು ನಂಬರ್. ಡೈರಿಯಲ್ಲಿ ನೀರಿನ ಸಾಲಿನ ಪಕ್ಕ ಮಾವ ಇನ್ನೊಂದು ಸಾಲು ಎಳೆದಿದ್ದಾರೆ. ಹೊಸ ಐದನೆಯವನು 5.78ರಲ್ಲಿ ನಿಂತಿದ್ದಾನೆ. ಏಳನೆಯವನು ಮೊದಲ ವಾರ 5.71, ಆಮೇಲೆ 5.66, ನಿನ್ನೆ 5.62. ಲಗ್ ಬಿಚ್ಚಿ ನೋಡಿದೆ, ಶುದ್ಧವಾಗಿದೆ. ಗ್ರಾವಿಟಿ ಮೂರೂ ಸಮ. ನೀರು ಮಾತ್ರ ಉಳಿದವರಿಗಿಂತ ಹತ್ತು ಮಿಲಿ ಜಾಸ್ತಿ ಕುಡಿದಿದ್ದಾನೆ.

ಮಾವ ಆ 5.62ರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದ್ದಾರೆ. ಒಳ್ಳೆಯವನೋ ಕೆಟ್ಟವನೋ ಅಂತ ಈ ಸಲ ಏನೂ ಬರೆದಿಲ್ಲ.